ಡ್ರೈವರ್ ಸಾಹೇಬರು ಉಗಿ ನಿಲ್ಲಿಸಿದ ಜಾಗ

ಜನವರಿ ತಿಂಗಳ ಮೂರನೆಯ ಭಾನುವಾರ. ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸ್ಥಳ, ದೆಹಲಿ ಕಂಟೋನ್ಮೆಂಟ್ ನಿಲ್ದಾಣದ ಪ್ಲಾಟ್‌ಫಾರ್ಮು. ಹಾಜರಿದ್ದವರು ನಾನು, ನನ್ನ ಮೊಮ್ಮಗಳು, ಮತ್ತು ಫೋನು ಎತ್ತಿ ಹಿಡಿದು ನಿಂತ ಒಂದು ದೊಡ್ಡ ಗುಂಪು. ಹಳೆಯ ಉಗಿ ಎಂಜಿನ್ ಒಂದನ್ನು ಜನ ನೋಡಲೆಂದು ಓಡಿಸುತ್ತಾರಂತೆ, ಹೋಗೋಣ ಬಾ ಎಂದು ಮೊಮ್ಮಗಳು ಘಾಜಿಯಾಬಾದಿನಿಂದ ಮೊದಲು ಮೆಟ್ರೊ, ಆಮೇಲೆ ಆಟೊ ಹತ್ತಿಸಿ ನನ್ನನ್ನು ಕರೆತಂದಿದ್ದಳು.

ದೂರದಲ್ಲಿ ಎಂಜಿನ್ ಕಾಣಿಸಿತು. ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಪ್ಲಾಟ್‌ಫಾರ್ಮಿನ ತುದಿಗೆ ಬರುವ ಹೊತ್ತಿಗೆ ಡ್ರೈವರ್ ವೇಗ ತಗ್ಗಿಸಲು ಉಗಿ ನಿಲ್ಲಿಸಿದ. ಚಕ್ ಚಕ್ ಸದ್ದು ನಿಂತಿತು. ಅಷ್ಟೇ! ಮೇಲೆ ಹೋಗುತ್ತಿದ್ದ ಹೊಗೆ ಸೊಂಟ ಬಿದ್ದವರ ಹಾಗೆ ಬಾಗಿ, ಬಾಯ್ಲರಿನ ಬೆನ್ನ ಮೇಲೆ ಮಲಗಿ, ಎರಡೂ ಪಕ್ಕಕ್ಕೆ ಜಾರಿ ನಮ್ಮೆಲ್ಲರ ಮುಖಕ್ಕೆ ಬಂತು. ಕಲ್ಲಿದ್ದಲು, ಬಿಸಿ ಎಣ್ಣೆ, ಒದ್ದೆ ಬೂದಿ, ಮೂರೂ ಕಲೆತ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನಾನು ಜೋರಾಗಿ ಎಣಿಸತೊಡಗಿದೆ. ಒಂದು, ಎರಡು, ಮೂರು...

“ಅಜ್ಜಿ, ಮಾಸ್ಕ್ ಹಾಕ್ಕೋ! ಏನ್ ಕೌಂಟ್ ಮಾಡ್ತಾ ಇದ್ದೀಯಾ?”

“ತಡಿಯೇ. ಹೊಗೆ ಏಳೋವರೆಗೂ ಎಣಿಸಬೇಕು.”

ನಲವತ್ತೊಂದಕ್ಕೆ ಹೊಗೆ ಎದ್ದಿತು. ಸುತ್ತ ಎಲ್ಲರೂ ಕೆಮ್ಮುತ್ತಿದ್ದರು. ನಾನು ಚಪ್ಪಾಳೆ ತಟ್ಟಿದೆ. ಹಾಗೆ ಎಣಿಸುವುದನ್ನು ನನಗೆ ಕಲಿಸಿದವರು ಎಷ್ಟೋ ವರ್ಷಗಳ ಹಿಂದಿನ ನಮ್ಮ ಮೇಲಿನ ಮನೆಯ ಡ್ರೈವರ್ ಸಾಹೇಬರು.

ಆಗ ನನಗೆ ಮದುವೆಯಾಗಿ ಎರಡು ವರ್ಷ. ನಮ್ಮವರು ರೈಲ್ವೆಯಲ್ಲಿ ಗುಮಾಸ್ತರು. ನನಗೂ ರೈಲ್ವೆಯ ನಕ್ಷೆ ಕಚೇರಿಯಲ್ಲಿ ಟ್ರೇಸರ್ ಕೆಲಸ ಸಿಕ್ಕಿತ್ತು. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳ್ಳನೆಯ ಮೇಣದ ಬಟ್ಟೆ ಹಾಸಿ, ಗೆರೆ ತಪ್ಪದಂತೆ ಇಂಕಿನಲ್ಲಿ ತಿದ್ದುವುದು ನನ್ನ ಕೆಲಸ. ಘಾಜಿಯಾಬಾದಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಕೆಳಗಿನ ಮನೆ ನಮ್ಮದು, ಮೇಲಿನದು ಸಾಹೇಬರದು. ತಾರಸಿ ಎರಡೂ ಮನೆಗೆ ಸೇರಿದ್ದು. ಕಾಲೊನಿಯ ಗೋಡೆಯ ಆಚೆಗೇ ಮುರಾದಾಬಾದ್ ಕಡೆಯಿಂದ ಬರುವ ರೈಲುದಾರಿ. ಗೋಡೆ ಮುಗಿದ ಮೇಲೆ ಸ್ವಲ್ಪ ದೂರಕ್ಕೆ ಸಿಗ್ನಲ್ ಕಂಬ, ಅದನ್ನು ದಾಟಿದರೆ ಸ್ಟೇಷನ್. ಈ ಮೂರೂ ಇದೇ ಕ್ರಮದಲ್ಲಿದ್ದವು ಎಂಬುದನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು: ಮೊದಲು ನಮ್ಮ ಗೋಡೆ, ಆಮೇಲೆ ಸಿಗ್ನಲ್, ಕೊನೆಗೆ ಸ್ಟೇಷನ್.

ನನ್ನ ತಂದೆ ದಾವಣಗೆರೆಯಲ್ಲಿ ಡ್ರಿಲ್ ಮೇಷ್ಟ್ರು. ನಮ್ಮ ಮನೆಯಲ್ಲಿ ಹಲ್ಲುಜ್ಜುವುದಕ್ಕೂ ಸೀಟಿ ಇತ್ತು. ಅಲ್ಲಿಂದ ಬಂದ ಅಭ್ಯಾಸ, ದಿನಕ್ಕೆ ಎರಡು ಸಾಲು ಬರೆದಿಡುವುದು. ಹಾಲಿನವನು ಬಂದ ಹೊತ್ತು, ಬಟ್ಟೆ ಹರವಿದ ಹೊತ್ತು, ತೆಗೆದ ಹೊತ್ತು, ತೆಗೆದಾಗ ಬಟ್ಟೆ ಹೇಗಿತ್ತು. “ನನ್ನ ಸೊಸೆ ಸೀನಿದ್ದನ್ನೂ ಬರಕೋತಾಳೆ” ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಆದರೆ ತಾವು ಎಲ್ಲಾದರೂ ಏನಾದರೂ ಇಟ್ಟು ಮರೆತರೆ ಮೊದಲು ಕೇಳುತ್ತಿದ್ದದ್ದು ಆ ಪುಸ್ತಕವನ್ನೇ.

ಕಾಲೊನಿಯಲ್ಲಿ ನನಗಿಂತ ಶಿಸ್ತಿನವರು ಯಾರಾದರೂ ಇದ್ದರೆ ಅದು ಡ್ರೈವರ್ ಸಾಹೇಬರು. ಹೆಂಡತಿ ತೀರಿಕೊಂಡಿದ್ದರು, ಒಬ್ಬರೇ ಇದ್ದರು. ಐವತ್ತಾರರ ಆಸುಪಾಸು, ಎತ್ತರದ ಆಳು, ಹುಬ್ಬಿನ ಕೂದಲಲ್ಲೂ ಸದಾ ಚೂರು ಮಸಿ. ಒಂದು ದಿನ ಬಿಟ್ಟು ಒಂದು ದಿನ ಬೆಳಗಿನ ಎಕ್ಸ್‌ಪ್ರೆಸ್ ತರುವ ಪಾಳಿ ಅವರದು. ದುಂಡು ಮೂತಿಯ ದೊಡ್ಡ ಎಂಜಿನ್. ಎಂಟು ಹತ್ತಕ್ಕೆ ಆ ರೈಲು ನಮ್ಮ ಗೋಡೆಯ ಪಕ್ಕದಲ್ಲಿ ಹಾಯುತ್ತಿತ್ತು. ನಾನು ಗಡಿಯಾರಕ್ಕೆ ಕೀಲಿ ಕೊಟ್ಟು ಅದರ ಹೊತ್ತಿಗೆ ಸರಿಮಾಡಿಕೊಳ್ಳುತ್ತಿದ್ದೆ. ಎಕ್ಸ್‌ಪ್ರೆಸ್ ಪಾಳಿ ಸುಮ್ಮನೆ ಸಿಗುವುದಲ್ಲ. ಷಂಟಿಂಗಿನಿಂದ ಗೂಡ್ಸ್, ಗೂಡ್ಸಿನಿಂದ ಪ್ಯಾಸೆಂಜರ್, ಹಾಗೆ ಮೂವತ್ತು ವರ್ಷ ಮೆಟ್ಟಿಲು ಹತ್ತಿ ಬಂದವರಿಗೆ ಮಾತ್ರ. ಅವರು ಮಾತನಾಡುತ್ತಿದ್ದದ್ದು ಹಿಂದಿ. ವಿಚಿತ್ರವೆಂದರೆ ನನಗೆ ಎಲ್ಲವೂ ಕನ್ನಡದಲ್ಲೇ ನೆನಪಿದೆ.

ದೀಪಾವಳಿ ಕಳೆದ ವಾರ ಅತ್ತೆ ಅಕ್ಕಿ ಸಂಡಿಗೆ ಹಾಕಿದರು. ದೆಹಲಿಯ ಆ ತಿಳಿಬಿಸಿಲಿಗೆ ಸಂಡಿಗೆ ಹೂವಿನ ಹಾಗೆ ಒಣಗುತ್ತದೆ. ಆದರೆ ಎಂಟು ಹತ್ತಕ್ಕೆ ರೈಲು ಬಂತು, ಗೋಡೆ ಶುರುವಾಗುವಲ್ಲೇ ಉಗಿ ನಿಂತಿತು, ಹೊಗೆ ತಾರಸಿಯ ಮೇಲೆ ಕಂಬಳಿಯ ಹಾಗೆ ಹಾಸಿಕೊಂಡಿತು. ಬಟ್ಟೆಗೆ ಮಸಿ ಬೀಳುವುದು ದಿನದ ಮಾತು. ಸಂಡಿಗೆಗೆ ಬಿದ್ದದ್ದು ಅದೇ ಮೊದಲು. ಮಧ್ಯಾಹ್ನ ಸಾಹೇಬರು ಮನೆಗೆ ಬಂದದ್ದನ್ನು ನೋಡಿ ಅತ್ತೆ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದರು. ಅವರಿಗೆ ಹಿಂದಿ ಬಾರದು. ಬಾರದಿದ್ದರೇನು!

“ಡ್ರೈವರಪ್ಪಾ, ನೋಡಿಲ್ಲಿ! ಇದೇನು ಸಂಡಿಗೆಯೋ, ಎಳ್ಳು ಹಾಕಿದ ಚಕ್ಕುಲಿಯೋ?”

ಸಾಹೇಬರು ತಟ್ಟೆ ನೋಡಿದರು, ನನ್ನನ್ನು ನೋಡಿದರು. “ಬೇಟಿ, ಮಾತಾಜಿ ಏನಂತಾರೆ?”

ಹೇಳಿದೆ. ಅವರು ನಗಲಿಲ್ಲ. ಒಂದು ಸಂಡಿಗೆ ಎತ್ತಿಕೊಂಡು ಮಸಿಯನ್ನು ಬೆರಳಿನಲ್ಲಿ ತಿಕ್ಕಿ ನೋಡಿದರು. “ಸ್ಟೀಮ್ ಬಂದ್ ಮಾಡಿದಾಗಿನ ಹೊಗೆ ಇದು. ಸ್ಟೀಮ್ ಇದ್ದಾಗ ಹೊಗೆಗೆ ಒದೆ ಬೀಳುತ್ತೆ, ಮೇಲೆ ಹೋಗುತ್ತೆ. ಬಂದ್ ಮಾಡಿದರೆ ಸೋಮಾರಿ ಆಗುತ್ತೆ, ಎಂಜಿನ್ನಿಗೇ ಒರಗಿಕೊಳ್ಳುತ್ತೆ. ಒಂದರಿಂದ ನಲವತ್ತು ಎಣಿಸಿ, ಆಮೇಲೆ ಏಳುತ್ತೆ.” ಕೈ ಮುಗಿದು ಅತ್ತೆಗೆ ತಟ್ಟೆ ಮರಳಿಸಿದರು. “ಅಚ್ಛಾ ಮಾತಾಜಿ, ನೋಡೋಣ.”

ಅದಾದ ಮೇಲೆ ದಿನ ಬಿಟ್ಟು ದಿನ ತಾರಸಿ ಶುಚಿಯಾಗಿರತೊಡಗಿತು. “ಹೇಳಿದರೆ ಕೇಳೋ ಮನುಷ್ಯ ನೋಡು” ಎಂದರು ಅತ್ತೆ. ಸಾಹೇಬರ ಪಾಳಿಯ ದಿನ ನೋಡಿಯೇ ಸಂಡಿಗೆ ಹಾಕಿದರು. ಸಾಹೇಬರು ಏನು ಮಾಡಿದರು, ಹೇಗೆ ಮಾಡಿದರು ಎಂದು ನಾನು ಕೇಳಲಿಲ್ಲ. ಎಲ್ಲದಕ್ಕೂ ಹೇಗೆ ಎಂದು ಕೇಳುವವಳು ಅದೊಂದನ್ನು ಮಾತ್ರ ಕೇಳಲಿಲ್ಲ...

ಜನವರಿಯಲ್ಲಿ, ದಟ್ಟ ಮಂಜಿನ ಒಂದು ಬೆಳಗ್ಗೆ, ಸಾಹೇಬರ ಎಕ್ಸ್‌ಪ್ರೆಸ್ ಆ ಸಿಗ್ನಲನ್ನು ದಾಟಿ ನಿಂತಿತು. ಸಿಗ್ನಲ್ ನಿಲ್ಲು ಎಂದು ಹೇಳುತ್ತಿತ್ತು. ದಾಟಿದ್ದು ಒಂದು ಎಂಜಿನ್ ಉದ್ದದಷ್ಟು ಮಾತ್ರ. ಎದುರಿಗೆ ಬೇರೆ ರೈಲು ಇರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೂ ಕೆಂಪು ದಾಟಿದ್ದು ಕೆಂಪು ದಾಟಿದ್ದೇ. ಅಂದಿನಿಂದಲೇ ಅವರನ್ನು ಎಕ್ಸ್‌ಪ್ರೆಸ್ಸಿನಿಂದ ಇಳಿಸಿದರು. ವಿಚಾರಣೆ ಗೊತ್ತಾಯಿತು. ತಪ್ಪು ಅವರದೇ ಎಂದಾದರೆ ನಿವೃತ್ತಿಯವರೆಗಿನ ಎರಡು ವರ್ಷವೂ ಯಾರ್ಡಿನಲ್ಲಿ ಡಬ್ಬಿ ತಳ್ಳುವ ಷಂಟಿಂಗ್ ಎಂಜಿನ್ನೇ ಗತಿ. ಸಂಬಳದ ಚಿಂತೆ ಅವರಿಗೆ ಇರಲಿಲ್ಲ. “ಹತ್ತಿದ ಮೆಟ್ಟಿಲನ್ನೆಲ್ಲ ಒಂದೇ ಸಲಕ್ಕೆ ಇಳಿಸಿಬಿಡ್ತಾರೆ, ಬೇಟಿ” ಎಂದರು. ಅಷ್ಟೇ ಹೇಳಿದ್ದು.

ಅವರ ಹೇಳಿಕೆ ಒಂದೇ: ಉಗಿ ನಿಲ್ಲಿಸಿದ ಕೂಡಲೆ ಹೊಗೆ ಇಳಿದು ಕಿಟಕಿ ಮುಚ್ಚಿತು, ನನಗೂ ಕಲ್ಲಿದ್ದಲು ಹಾಕುವ ಫೈರ್‌ಮನ್‌ಗೂ ಸಿಗ್ನಲ್ ಕಾಣಲಿಲ್ಲ. ಎಲ್ಲ ಡ್ರೈವರುಗಳೂ ತಪ್ಪನ್ನು ಹೊಗೆಯ ಮೇಲೆ ಹಾಕುತ್ತಾರೆ ಎಂದು ಎಂಜಿನ್ ಷೆಡ್ಡಿನಲ್ಲಿ ನಕ್ಕರಂತೆ.

ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ನಕ್ಷೆ ಕಚೇರಿಯ ಹಳೆಯ ಹಾಳೆಗಳಲ್ಲಿ ನಾನು ಒಂದು ಚಿತ್ರ ನೋಡಿದ್ದೆ. ಬೇರೆ ಯಾವುದೋ ದೇಶದ ಎಕ್ಸ್‌ಪ್ರೆಸ್ ಎಂಜಿನ್. ಅದರ ಮೂತಿಯ ಎರಡೂ ಪಕ್ಕಕ್ಕೆ ನೆಟ್ಟಗೆ ನಿಲ್ಲಿಸಿದ ಎರಡು ತಗಡು. ಹೊಗೆ ಎತ್ತುವುದಕ್ಕೆ ಎಂದು ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಹೇಳಿದ್ದರು. ಎಂಜಿನ್ ಓಡುವಾಗ ಎದುರಿನ ಗಾಳಿ ತಗಡಿಗೂ ಬಾಯ್ಲರಿಗೂ ನಡುವೆ ನುಗ್ಗಿ ಮೇಲಕ್ಕೆ ಹಾಯುತ್ತದೆ. ಹೋಗುವಾಗ ಸೋಮಾರಿ ಹೊಗೆಯನ್ನೂ ಎತ್ತಿಕೊಂಡು ಹೋಗುತ್ತದೆ. ಸಾಹೇಬರಿಗೆ ಹೇಳಿದೆ. ಅವರ ಕಣ್ಣು ಹೇಗೆ ಹೊಳೆಯಿತು ಅಂತೀರಿ! “ಮಾಡಿ ನೋಡೋಣವಾ?” ಎಂದರು. ಮುಂದಿನ ಒಂಬತ್ತು ದಿನ ಸಂಜೆ ಆರರಿಂದ ಎಂಟು ನಮ್ಮ ಮನೆಯ ಹಜಾರವೇ ವರ್ಕ್‌ಷಾಪು.

ಬಾಯ್ಲರ್ ಎಂದರೆ ವನಸ್ಪತಿಯ ಉದ್ದ ಡಬ್ಬಿ, ಅಡ್ಡ ಮಲಗಿಸಿದ್ದು. ದುಂಡು ಮೂತಿಗೆ ಅತ್ತೆಯ ಅಡುಗೆಮನೆಯ ತೆಂಗಿನ ಚಿಪ್ಪು. ಮೇಲೆ ತೂತು ಕೊರೆದು ನಿಲ್ಲಿಸಿದ ನಾಲ್ಕು ಊದುಬತ್ತಿ, ಅದೇ ಹೊಗೆ ಕೊಳವೆ. ಎದುರಿಗೆ ಟೇಬಲ್ ಫ್ಯಾನು. ಜನವರಿಯ ಚಳಿಯಲ್ಲಿ ಫ್ಯಾನು ಹಾಕಿಕೊಂಡು, ಕಂಬಳಿ ಹೊದ್ದು ಕೂತ ನಮ್ಮನ್ನು ನೋಡಿ ನಮ್ಮವರು ಒಳಕ್ಕೆ ಹೋಗಿ ಬಾಗಿಲು ಹಾಕಿಕೊಂಡರು.

ಫ್ಯಾನು ಹಾಕಿದೊಡನೆ ಊದುಬತ್ತಿಯ ಹೊಗೆ ಚಿಪ್ಪಿನ ಹಿಂದೆ ಬಾಗಿ, ಡಬ್ಬಿಗೆ ಅಂಟಿಕೊಂಡು, ಪಕ್ಕಕ್ಕೆ ಜಾರಿತು. ಥೇಟ್ ನಮ್ಮ ಗೋಡೆಯ ಪಕ್ಕದ ಎಂಜಿನ್ನೇ! ಸಾಹೇಬರು ನೆಲದ ಮೇಲೆ ಕೆನ್ನೆ ಇಟ್ಟು ನೋಡಿದರು. “ಇಗೋ, ಇದೇ! ಮೂವತ್ತು ವರ್ಷ ಇದರ ಒಳಗೆ ಕೂತಿದ್ದೇನೆ. ಹೊರಗಿನಿಂದ ನೋಡಿದ್ದು ಇವತ್ತೇ.”

ಗಾಳಿ ಎತ್ತ ಹೋಗುತ್ತದೆ ಎಂದು ತಿಳಿಯಬೇಕಿತ್ತು. ನನಗೆ ಹೊಳೆಯಿತು. ಅತ್ತೆಯ ದೇವರ ಗೂಡಿನಿಂದ ಹೂಬತ್ತಿ ತಂದು, ಎಳೆಯೆಳೆ ಬಿಡಿಸಿ, ಮೈದಾ ಅಂಟಿನಿಂದ ಡಬ್ಬಿಯ ಪಕ್ಕಕ್ಕೆಲ್ಲ ಸಾಲಾಗಿ ಅಂಟಿಸಿದೆ. ಗಾಳಿ ಹೋದ ಕಡೆಗೆ ಎಳೆ ತಿರುಗುತ್ತದೆ.

“ಅಯ್ಯೋ, ದೇವರ ಬತ್ತಿ ಕಣೇ ಅದು!”

“ಅತ್ತೆ, ಡ್ರೈವರ್ ಸಾಹೇಬರ ಕೆಲಸ ಉಳಿಯಬೇಕು.”

“ಹಾಗಾದರೆ ತಗೋ, ಇನ್ನೊಂದಿಷ್ಟು ತಗೋ. ದೇವರಿಗೆ ನಾಳೆ ಹೊಸೆದರಾಯಿತು.”

ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಕತ್ತರಿಸಿ ಎರಡು ತಗಡು ಮಾಡಿದೆವು. ನಾನು ಅಚ್ಚುಕಟ್ಟಿನವಳಲ್ಲವೇ, ಡಬ್ಬಿಗೆ ಒತ್ತಿ ಕೂರುವ ಹಾಗೆ ಚೊಕ್ಕವಾಗಿ ಅಂಟಿಸಿದೆ. ಫ್ಯಾನು ಹಾಕಿದೆವು. ಹೊಗೆ ಜಗ್ಗಲಿಲ್ಲ. ತಗಡು ಎತ್ತರಿಸಿದೆವು, ಉದ್ದ ಮಾಡಿದೆವು, ಓರೆ ಮಾಡಿದೆವು. ನಾಲ್ಕು ಸಂಜೆ ಹೋಯಿತು. ಐದನೆಯ ಸಂಜೆ ಅತ್ತೆ ಬಟಾಣಿ ಬಿಡಿಸುತ್ತ ಕೂತಿದ್ದವರು ತಲೆ ಎತ್ತಿದರು.

“ಅಲ್ಲ ಡ್ರೈವರಪ್ಪ, ಒಲೆಗೆ ಸೌದೆ ಒತ್ತಿ ತುಂಬಿದರೆ ಉರಿಯುತ್ತಾ? ನಡುವೆ ಗಾಳಿಗೆ ಜಾಗ ಬಿಡಬೇಡವಾ?” ಎಂದು ಬಟಾಣಿ ಕೈಯಲ್ಲೇ ಬಂದು ತಗಡನ್ನು ಬೆರಳಿನಷ್ಟು ಹೊರಕ್ಕೆ ಎಳೆದರು.

ಹೂಬತ್ತಿಯ ಎಳೆಗಳೆಲ್ಲ ಒಂದೇ ಸಲಕ್ಕೆ ಎದ್ದು ನಿಂತವು! ಒಂದೂ ಬಿಡದೆ, ಡ್ರಿಲ್ಲಿನ ಹುಡುಗರ ಹಾಗೆ! ಊದುಬತ್ತಿಯ ಹೊಗೆ ಡಬ್ಬಿಯನ್ನು ಬಿಟ್ಟು ಮೇಲೆದ್ದು, ನೆಟ್ಟಗೆ ಹಾದು ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ನಾನು ಕಿರುಚಿದೆ. ಸಾಹೇಬರು ಕುಣಿದೇಬಿಟ್ಟರು. ಅಷ್ಟು ಎತ್ತರದ ಮನುಷ್ಯ ಕುಣಿದದ್ದಕ್ಕೆ ಬಲ್ಬು ಅಲ್ಲಾಡಿತು. ನಮ್ಮವರು ಬಾಗಿಲು ತೆರೆದು ನೋಡಿದರೆ ಅತ್ತೆ ಬಟಾಣಿ ಬುಟ್ಟಿ ಚೆಲ್ಲಿಕೊಂಡು ನಗುತ್ತಿದ್ದರು. ಎಷ್ಟು ನಕ್ಕೆವು ಅಂದು...

ವಿಚಾರಣೆಗೆ ಇನ್ನು ಎರಡು ದಿನ ಉಳಿದಿತ್ತು. ಆರೋಪ ಬಂದವರು ತಮ್ಮ ಪರವಾಗಿ ಒಬ್ಬ ನೌಕರರನ್ನು ಕರೆತರಬಹುದು ಎಂಬ ನಿಯಮವಿತ್ತು. ನಾನೇ ಬರುತ್ತೇನೆ ಎಂದೆ. ಬರಿಯ ಡಬ್ಬಿ ಸಾಕಾಗದು, ದಾಖಲೆಯೂ ಬೇಕು. ಹೊಗೆ ಇಳಿಯುತ್ತಿತ್ತು ಎನ್ನುವುದಕ್ಕೆ ನನ್ನ ದಿನಚರಿಗಿಂತ ಒಳ್ಳೆಯ ಸಾಕ್ಷಿ ಎಲ್ಲಿದೆ? ಯಾವ ದಿನ ಬಟ್ಟೆಗೆ ಮಸಿ ಬಿತ್ತು ಎಂದು ಎರಡು ವರ್ಷದ್ದು ಬರೆದಿದ್ದೇನೆ! ಆ ಸಂಜೆ ಅಡುಗೆ ಮುಗಿಸಿ, ಗೆರೆ ಎಳೆದ ಹಾಳೆ ತೆಗೆದುಕೊಂಡು ಪುಸ್ತಕದಿಂದ ಒಂದೊಂದೇ ದಿನ ಇಳಿಸಿದೆ.

ದೀಪಾವಳಿಯವರೆಗೆ ಮಸಿ, ಮಸಿ, ಮಸಿ. ಗಾಳಿ ಆಚೆಗೆ ಬೀಸಿದ ದಿನ ಮಾತ್ರ ಇಲ್ಲ. ಅತ್ತೆ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದ ದಿನದ ನಂತರ, ಮಸಿ, ಇಲ್ಲ, ಮಸಿ, ಇಲ್ಲ, ಮಸಿ, ಇಲ್ಲ. ಒಂದು ದಿನವೂ ತಪ್ಪಿಲ್ಲ. ‘ಇಲ್ಲ’ ಎಂದಿರುವ ದಿನಗಳೆಲ್ಲ ಸಾಹೇಬರ ಪಾಳಿ. ಗಾಳಿ ದಿನ ಬಿಟ್ಟು ದಿನ ತಿರುಗುವುದಿಲ್ಲ. ಹಾಗಾದರೆ ಬದಲಾದದ್ದು ಉಗಿ ನಿಲ್ಲಿಸುವ ಜಾಗ! ಹಾಳೆಯ ಮೇಲೆ ಗೋಡೆ ಬರೆದೆ, ಸಿಗ್ನಲ್ ಬರೆದೆ. ಬೇರೆ ಡ್ರೈವರುಗಳು ಗೋಡೆಯ ಮೊದಲೇ ಉಗಿ ನಿಲ್ಲಿಸುತ್ತಾರೆ. ಹೊಗೆ ನಮ್ಮ ಮೇಲೆ ಬೀಳುತ್ತದೆ, ನಲವತ್ತು ಎಣಿಸುವಷ್ಟರಲ್ಲಿ ಏಳುತ್ತದೆ, ಸಿಗ್ನಲ್ ಬರುವಾಗ ಕಿಟಕಿ ತಿಳಿ. ಸಾಹೇಬರು ಗೋಡೆ ದಾಟಿಸಿ ನಿಲ್ಲಿಸಿದ್ದಾರೆ. ನಮ್ಮ ತಾರಸಿ ಶುಚಿ, ಆ ನಲವತ್ತು ಎಣಿಕೆ ಬಿದ್ದದ್ದು ಸರಿಯಾಗಿ ಸಿಗ್ನಲಿನ ಎದುರು. ತಿಳಿ ಬೆಳಗಿನಲ್ಲಿ ಹೊಗೆಯ ಸಂದಿಯಿಂದ ಸಿಗ್ನಲ್ ಹೇಗೋ ಕಾಣುತ್ತಿತ್ತು. ಮಂಜಿನ ದಿನ ಕಾಣಲಿಲ್ಲ.

ಲೆಕ್ಕ ತಾಳೆಯಾದಾಗಿನ ಆ ಸಂತೋಷ ಇದೆಯಲ್ಲ, ಅದು ಮನುಷ್ಯನನ್ನು ಕುರುಡು ಮಾಡುತ್ತದೆ. ಚಪ್ಪಲಿಯನ್ನೂ ಮೆಟ್ಟದೆ ಮೇಲಕ್ಕೆ ಓಡಿದೆ. “ಸಾಹೇಬರೇ, ಸಿಕ್ಕಿತು!” ಎಂದು ಹಾಳೆಯನ್ನು ಅವರ ಮುಂದೆ ಹರಡಿ ಬಡಬಡನೆ ಎಲ್ಲ ಹೇಳಿದೆ. ಮಸಿ, ಇಲ್ಲ, ಮಸಿ, ಇಲ್ಲ.

ಅವರು ರೊಟ್ಟಿ ತಟ್ಟುತ್ತಿದ್ದರು. ಹಿಟ್ಟಿನ ಕೈಯಲ್ಲೇ ಹಾಳೆ ಹಿಡಿದು ಬಹಳ ಹೊತ್ತು ನೋಡಿದರು. ಗೋಡೆಯಿಂದ ಸಿಗ್ನಲಿನವರೆಗೆ ಬೆರಳು ಎಳೆದರು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದರು.

“ಮಾತಾಜಿಯ ಸಂಡಿಗೆ ಹಾಳಾಗಬಾರದು ಅಂತ ಸ್ವಲ್ಪ ಮುಂದೆ ಬಂದ್ ಮಾಡ್ತಿದ್ದೆ. ಅದು ಗೊತ್ತಿತ್ತು” ಎಂದರು. “ಇದು ಗೊತ್ತಿರಲಿಲ್ಲ.”

ಆಗ ನನಗೆ ಅರ್ಥವಾಯಿತು. ತಾರಸಿಯ ಸಂಡಿಗೆಗಾಗಿ ಎಕ್ಸ್‌ಪ್ರೆಸ್ ಓಡಿಸುವ ರೀತಿಯನ್ನೇ ಬದಲಿಸಿದ ಡ್ರೈವರ್! ಇದು ಹೊರಗೆ ಬಂದರೆ ಹೊಗೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಹಾಳೆ ಮಡಚಿಕೊಂಡು ಕೆಳಗೆ ಬಂದೆ. ಅತ್ತೆಗೆ ಹೇಳಿದೆ. ಅವರು ಸಂಡಿಗೆಯ ಡಬ್ಬಿಯನ್ನು ಅಟ್ಟದ ಮೇಲಿಟ್ಟರು. ಆ ವರ್ಷ ಅದನ್ನು ಕರಿಯಲೇ ಇಲ್ಲ.

ವಿಚಾರಣೆಯ ದಿನ ಡಬ್ಬಿ, ಚಿಪ್ಪು, ಊದುಬತ್ತಿ, ಟೇಬಲ್ ಫ್ಯಾನು, ಎಲ್ಲವನ್ನೂ ಪಟ್ಟಿ ಮಾಡಿ ಚೀಲಕ್ಕೆ ಹಾಕಿದೆ. ದಿನಚರಿಯನ್ನು ಮಾತ್ರ ಬೇಕೆಂದೇ ಮನೆಯಲ್ಲಿ ಬಿಟ್ಟೆ. ಒಂದು ದಾಖಲೆಯನ್ನು ನಾನು ಮುಚ್ಚಿಟ್ಟದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ.

ವಿಚಾರಣೆಯ ಅಧಿಕಾರಿ ಕನ್ನಡಕದ ವಯಸ್ಸಾದವರು. ಡಬ್ಬಿ ನೋಡಿ ಮೊದಲು ಹುಬ್ಬು ಗಂಟು ಹಾಕಿದರು. ಐದು ನಿಮಿಷದಲ್ಲಿ ಕುರ್ಚಿ ಬಿಟ್ಟು ಬಂದು ಮಂಡಿಯೂರಿ ಕೂತಿದ್ದರು! ತಗಡು ತೆಗೆದು ಒಮ್ಮೆ, ಹಾಕಿ ಒಮ್ಮೆ, ಮತ್ತೆ ತೆಗೆದು ಒಮ್ಮೆ. ಚಹಾ ಆರಿ ಹೋಯಿತು. “ಭಾಯಿ, ಇದನ್ನು ಎಂಜಿನ್ನಿಗೆ ಹಾಕಿ ನೋಡಲೇಬೇಕು” ಎಂದರು. ಕುರ್ಚಿಗೆ ಹಿಂತಿರುಗಿ ಪೆನ್ನು ತೆಗೆದು, ಹೊಗೆ ಇಳಿದು ನೋಟ ಮುಚ್ಚಿದ್ದನ್ನು ಒಪ್ಪಿಕೊಂಡೆ ಎಂದು ಬರೆದುಕೊಂಡರು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಗೆದ್ದೆವು!

ಕೊನೆಗೆ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದರು. “ಇನ್ನೇನಾದರೂ ಹೇಳುವುದಿದೆಯಾ?”

ಇಲ್ಲ ಅನ್ನಿ, ಇಲ್ಲ ಅನ್ನಿ ಎಂದು ನಾನು ಮನಸ್ಸಿನಲ್ಲೇ ಜಪಿಸಿದೆ. ಸಾಹೇಬರು ಎದ್ದು ನಿಂತರು. ಟೋಪಿಯನ್ನು ಮೇಜಿನ ಮೇಲಿಟ್ಟರು.

“ಇದೆ, ಸಾಬ್. ನಾನು ಬಂದ್ ಮಾಡಬೇಕಾದ ಜಾಗದಲ್ಲಿ ಬಂದ್ ಮಾಡಿರಲಿಲ್ಲ.”

ಗೋಡೆಯ ಮಾತು ಹೇಳಿದರು. ಅದರ ಆಚೆ ಜನ ಬಟ್ಟೆ ಒಣಗಿಸುತ್ತಾರೆ, ಹೊಗೆ ಅವರ ಮೇಲೆ ಬೀಳದಿರಲಿ ಎಂದು ತಾನಾಗಿ ಮಾಡಿದೆ ಎಂದರು. ಅತ್ತೆಯ ಹೆಸರಿಲ್ಲ, ಸಂಡಿಗೆಯ ಹೆಸರಿಲ್ಲ, ದೂರು ಕೊಟ್ಟವರಾರೂ ಇಲ್ಲ. ಅಧಿಕಾರಿ ಪೆನ್ನನ್ನು ಮೇಜಿನ ಮೇಲಿಟ್ಟರು. “ನಾನು ಇದನ್ನು ಕೇಳಿರಲಿಲ್ಲವಲ್ಲ” ಎಂದರು, ಬೇಸರದಿಂದ. ಆಮೇಲೆ ಬರೆದುಕೊಂಡರು.

ಷಂಟಿಂಗ್ ಎಂದು ತೀರ್ಪು ಬಂತು. ನಿವೃತ್ತಿಯವರೆಗೆ.

ಆದರೆ ಅಧಿಕಾರಿ ಮಾತಿಗೆ ತಪ್ಪಲಿಲ್ಲ. ನಾನು ಕೈಯಲ್ಲಿ ಬರೆದುಕೊಟ್ಟ ತಗಡಿನ ನಕ್ಷೆಯನ್ನು ಷೆಡ್ಡಿಗೆ ಕಳಿಸಿದರು. ಒಂದು ಎಂಜಿನ್ನಿಗೆ ಪರೀಕ್ಷೆಗೆಂದು ತಗಡು ಹಾಕಿಸಿದರು. ಹಳೆಯ ಶೀಟು, ಒಂದು ಅಂಗೈಯಗಲ ಸಂದಿ ಬಿಟ್ಟು. ಫೆಬ್ರವರಿಯ ಕೊನೆಯಲ್ಲಿ ಒಂದು ಬೆಳಗ್ಗೆ ಆ ಎಂಜಿನ್ ಎಕ್ಸ್‌ಪ್ರೆಸ್ ತರುತ್ತದೆ ಎಂದು ಸುದ್ದಿ ಬಂತು. ಏಳೂವರೆಗೇ ನಾವೆಲ್ಲ ತಾರಸಿಯ ಮೇಲೆ. ನಮ್ಮವರೂ ಬಂದಿದ್ದರು. ಸಾಹೇಬರು ಮಾತ್ರ ಇರಲಿಲ್ಲ. ಸ್ಟೇಷನ್ನಿನ ಆಚೆ ಯಾರ್ಡಿನಲ್ಲಿ ಅವರ ಪಾಳಿ ಶುರುವಾಗಿತ್ತು.

ಎಂಟು ಹನ್ನೊಂದಕ್ಕೆ ಬಂತು. ಅತ್ತೆ ಕಟ್ಟೆಯ ಮೇಲೆ ಬಾಗಿ ಕೂಗಿದರು. “ಅಯ್ಯೋ, ಎಂಜಿನ್ನಿಗೆ ಎರಡು ಮೊರ ಕಟ್ಟಿದ್ದಾರಲ್ಲೇ!” ನಿಜವಾಗಿಯೂ ಎರಡು ಮೊರಗಳೇ, ಎರಡು ಕೆನ್ನೆಗೆ. ಗೋಡೆಯ ಮೊದಲಲ್ಲೇ ಡ್ರೈವರ್ ಉಗಿ ನಿಲ್ಲಿಸಿದ. ಸದ್ದು ನಿಂತಿತು. ನಾನು ಉಸಿರು ಹಿಡಿದೆ. ಹೊಗೆ ಬಾಗಿತು, ಬಾಯ್ಲರಿನ ಮೇಲೆ ಒರಗಲು ಬಂತು, ಯಾರೋ ಕೈ ಕೊಟ್ಟು ಎಬ್ಬಿಸಿದ ಹಾಗೆ ಎದ್ದಿತು! ಬೇವಿನ ಮರದ ತುದಿಯ ಮೇಲಿನಿಂದ, ನಮ್ಮ ತಲೆಯ ಮೇಲಿನಿಂದ, ಹಗ್ಗದ ಮೇಲಿನ ಬಿಳಿ ಪಂಚೆಗಳ ಮೇಲಿನಿಂದ ಹಾದು ಹೋಯಿತು. ಎಂಜಿನ್ನಿನ ಕಿಟಕಿಯಲ್ಲಿ ಡ್ರೈವರನ ಮುಖ ಕಂಡಿತು, ಮೀಸೆ ಕೂಡ ಕಂಡಿತು. ಇಡೀ ಕಾಲೊನಿ ಕೂಗಿತು. ನಾನು ಪಂಚೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಒಂದು ಚುಕ್ಕೆ ಇಲ್ಲ.

ಸಂಜೆ ಸಾಹೇಬರು ಬಂದಾಗ ಮೆಟ್ಟಿಲಲ್ಲೇ ತಡೆದು ಹೇಳಿದೆ. ಅವರು ಅಲ್ಲೇ ಕೂತುಬಿಟ್ಟರು. ಎಷ್ಟು ಎತ್ತರಕ್ಕೆ ಹೋಯಿತು? ಬೇವಿನ ಮರದ ತುದಿಗೆ. ತುದಿಗೋ, ತುದಿಯ ಮೇಲಕ್ಕೋ? ಮೇಲಕ್ಕೆ. ಎಲ್ಲಿ ಬಂದ್ ಮಾಡಿದ? ಗೋಡೆಯ ಮೊದಲಲ್ಲೇ. ಕಿಟಕಿ ಕಂಡಿತಾ? ಮೀಸೆಯೇ ಕಂಡಿತು. ನಾಲ್ಕು ಸಲ ಹೇಳಿಸಿಕೊಂಡರು, ನಾಲ್ಕು ಸಲವೂ ನಕ್ಕರು.

ಆ ತಗಡು ಮುಂದಿನ ಚಳಿಗಾಲದವರೆಗೂ ಇತ್ತು. ಮೂತಿಯ ಪಕ್ಕದ ಬೋಲ್ಟುಗಳಿಗೆ ಕೈ ಹಾಕಲು ಅಡ್ಡ ಎಂದು ಫಿಟ್ಟರುಗಳು ಗೊಣಗುತ್ತಿದ್ದರಂತೆ. ಎಂಜಿನ್ ದೊಡ್ಡ ದುರಸ್ತಿಗೆ ಹೋಗಿ ಬಂದಾಗ ತಗಡು ಇರಲಿಲ್ಲ. ಅಷ್ಟರಲ್ಲಿ ಡೀಸೆಲ್ ಬರತೊಡಗಿತ್ತು... ಯಾರು ಕೇಳುತ್ತಾರೆ?

ಸಾಹೇಬರು ನಿವೃತ್ತರಾಗಿ ಹಾಪುಡ್ ಕಡೆಯ ತಮ್ಮನ ಮನೆಗೆ ಹೊರಟ ದಿನ ನಾನು ಕೊನೆಗೂ ಕೇಳಿದೆ. “ಅವತ್ತು ನಾನು ಆ ಹಾಳೆ ತಂದು ಓದದೇ ಇದ್ದಿದ್ದರೆ ನೀವು ಎಕ್ಸ್‌ಪ್ರೆಸ್ಸಿನಲ್ಲೇ ಇರುತ್ತಿದ್ದಿರಿ, ಅಲ್ಲವೇ?”

“ಇರುತ್ತಿದ್ದೆ” ಎಂದರು. ಸಮಾಧಾನಕ್ಕೆಂದು ಸುಳ್ಳು ಹೇಳುವವರಲ್ಲ. ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದವರು ಒಂದು ಗಂಟು ಹಾಕಿ ಮುಗಿಸಿ ಹೇಳಿದರು. “ಆದರೆ ನೀನು ಓದಿದೆ, ನನಗೆ ಕಂಡಿತು. ಕಂಡ ಸಿಗ್ನಲನ್ನು ಕಾಣಲಿಲ್ಲ ಅಂತ ಹೇಳೋದು ನನಗೆ ಬರಲ್ಲ, ಬೇಟಿ.”

ಆರೇಳು ವರ್ಷದ ಮೇಲೆ ಅವರ ತಮ್ಮ ಒಂದು ಕಾರ್ಡು ಬರೆದರು. ಸಾಹೇಬರು ಇಲ್ಲ ಎಂದು. ಕಾರ್ಡು ಬರುವ ಹೊತ್ತಿಗೆ ಹದಿಮೂರನೆಯ ದಿನದ ಕಾರ್ಯವೂ ಮುಗಿದಿತ್ತು.

ಇದಿಷ್ಟನ್ನೂ ಈ ಭಾನುವಾರ ಮೆಟ್ರೊದಲ್ಲಿ ಮರಳುವಾಗ ಮೊಮ್ಮಗಳಿಗೆ ಹೇಳಿದೆ. ಅವಳು ಕಿವಿಯಿಂದ ಇಯರ್‌ಫೋನು ತೆಗೆದಿಟ್ಟು ಕೇಳಿದಳು. ಹೂಬತ್ತಿ ಎದ್ದು ನಿಂತಾಗ ನನ್ನ ಹಾಗೇ ಕಿರುಚಿದಳು. ಎದುರು ಕೂತಿದ್ದ ಭಯ್ಯಾ ಬೆಚ್ಚಿದ. ವಿಚಾರಣೆಯ ಮಾತು ಬಂದಾಗ ನನ್ನ ಕಡೆಗೆ ತಿರುಗಿ ಕೂತಳು.

“ಅಜ್ಜಿ, ನೀನು ಅವರಿಗೆ ಸಾರಿ ಹೇಳಿದೆಯಾ?”

“ಇಲ್ಲ.”

“ಕ್ಯೂಂ? ಹೇಳಬೇಕಿತ್ತು ನಾ?”

ಹೇಳಬೇಕಿತ್ತು. ಅವರು ಹೊರಟ ದಿನ ಕೇಳಿದ್ದು ಪ್ರಶ್ನೆ; ಕ್ಷಮೆ ಕೇಳಿದ್ದಲ್ಲ. ಆ ವ್ಯತ್ಯಾಸ ನನಗೆ ಗೊತ್ತಿದೆ, ಅವರಿಗೂ ಗೊತ್ತಿದ್ದಿರಬೇಕು. ಈಗ ಕೇಳಬೇಕೆಂದರೆ ಅವರಿಲ್ಲ.

ಮನೆ ತಲುಪಿದಾಗ ನಾಲ್ಕು ಗಂಟೆ ಐವತ್ತು ನಿಮಿಷ. ಬೆಳಗ್ಗೆ ಹರವಿ ಹೋಗಿದ್ದ ಬಟ್ಟೆ ಬಾಲ್ಕನಿಯಲ್ಲೇ ಇತ್ತು, ಮಂಜು ಇಳಿಯುವ ಮೊದಲು ತೆಗೆಯಬೇಕಿತ್ತು. ಹನ್ನೊಂದನೆಯ ಮಹಡಿ. ಆದರೂ ಬಿಳಿ ಟವೆಲ್ಲಿನ ಮೇಲೆ ಬೆರಳಾಡಿಸಿದರೆ ಬೆರಳು ಬೂದುಬಣ್ಣವಾಯಿತು. ಇದು ಯಾರ ಹೊಗೆ, ಎಲ್ಲಿಂದ ಬಂತು, ಯಾರ ಮನೆಯ ಮೆಟ್ಟಿಲು ಹತ್ತಿ ಕೇಳಬೇಕು? ಕೇಳಿದರೆ ಕೈ ಮುಗಿದು ‘ನೋಡೋಣ’ ಎನ್ನುವವರು ಯಾರು?

ಕೊಡವಿದೆ. ಮೊಮ್ಮಗಳು ಒಂದು ತುದಿ ಹಿಡಿದಳು, ನಾನು ಒಂದು ತುದಿ. ಒಟ್ಟು ಹದಿನಾಲ್ಕು ಬಟ್ಟೆ ಮಡಚಿ ಕಪಾಟಿನಲ್ಲಿಟ್ಟಾಗ ಐದು ಗಂಟೆ ಹತ್ತು ನಿಮಿಷ.